ಒಂದು ಲೋಟ ಗಂಜಿ ತಿಳಿ

ಜುಲೈ ೧೫, ಬುಧವಾರ

ಪ್ರಾಪ್ತಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆಪರೇಷನ್ನಿಗೆಂದು ಉಪವಾಸ ಇರಿಸಿದ್ದ ವಾರ್ಡಿನ ಬಾಗಿ ಅಜ್ಜಿಗೆ ಈ ಹುಡುಗಿ ಬೆಳಿಗ್ಗೆ ಒಂದು ಲೋಟ ಗಂಜಿ ತಿಳಿ ಕುಡಿಸಿಬಿಟ್ಟಳು. ನರ್ಸಿಂಗ್ ಎರಡನೇ ವರ್ಷ, ನನ್ನ ವಿದ್ಯಾರ್ಥಿನಿ. "ಗಂಟಲು ಒಣಗ್ತಾ ಉಂಟು ಮಗಾ ಅಂದ್ರು ಅಜ್ಜಿ, ಮೇಡಂ. ನಮ್ಮಲ್ಲಿ ತಿಳಿ ಅಂದ್ರೆ ಊಟ ಅಲ್ಲ, ನೀರಿನ ಲೆಕ್ಕ."

ಅವಳನ್ನು ಯಾರೂ ಹಿಡಿದದ್ದಲ್ಲ. ಅಜ್ಜಿಯ ಟ್ರಾಲಿ ಥಿಯೇಟರಿಗೆ ಹೊರಡುವಾಗ ತಾನೇ ಓಡಿ ಬಂದು ಹೇಳಿದಳು. ಆಪರೇಷನ್ ಮುಂದೆ ಹಾಕಿದರು. ಬಾಯಿ ಮುಚ್ಚಿಕೊಂಡಿದ್ದರೆ, ಅರಿವಳಿಕೆ ಕೊಟ್ಟ ಮೇಲೆ ಅಜ್ಜಿಗೆ ವಾಂತಿಯಾಗಿ, ಅದು ಶ್ವಾಸಕೋಶಕ್ಕೆ ಇಳಿದು... ಬೇಡ.

"ಹೇಳಿದೆಯಲ್ಲ, ಒಳ್ಳೆಯದಾಯಿತು" ಅಂದೆ. ಅಷ್ಟಕ್ಕೇ ಅತ್ತಳು.

ಸಂಜೆ ಪ್ರಿನ್ಸಿಪಾಲರು ಕರೆದರು. ನಾಳೆ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈಯಬೇಕಂತೆ, ಅದೂ ನಾನೇ. "ನೀವು ಕೊಟ್ಟ ಸಲಿಗೆಯಿಂದಲೇ ಇದೆಲ್ಲ ಫರ್ಝಾನಾ. ಆಗದಿದ್ದರೆ ಹೇಳಿ, ಬೇರೆ ಟೀಚರ್ ಸಿಗ್ತಾರೆ." ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಅದು ಅವರಿಗೂ ಗೊತ್ತು. ಆಯಿತು ಅಂದು ಬಂದೆ. ಮನೆಗೆ ಬರುವಾಗ ನಂತೂರು ಸರ್ಕಲ್ಲಿನಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಹಾಕಿಕೊಂಡಾಗ, ಇಳಿದು ವಾಪಸು ಹೋಗಿ ಆಗುವುದಿಲ್ಲ ಅನ್ನಬೇಕು ಅನಿಸಿತು. ಇಳಿಯಲಿಲ್ಲ.

ನಾಳೆ ನಾನು ಬೈದರೆ, ಸಾಲಿನಲ್ಲಿ ನಿಂತ ಹುಡುಗಿಯರೆಲ್ಲ ಒಂದೇ ಪಾಠ ಕಲಿಯುತ್ತಾರೆ. ತಪ್ಪಾದರೆ ಹೇಳಬಾರದು.

ಈಗಷ್ಟೇ ಅವಳ ಮೆಸೇಜು ಬಂತು. "ಮೇಡಂ, ನಾಳೆ ಯೂನಿಫಾರ್ಮ್ ಹಾಕಿಯೇ ಬರ್ಲಿಕ್ಕೆ ಉಂಟಲ್ಲ?"

ನಾನು ಓದಿದ್ದು ಅವಳಿಗೆ ಕಂಡಿರುತ್ತದೆ. ಹೌದು ಅಂತ ಬರೆದು ಅಳಿಸಿದೆ. ಆನ್‌ಲೈನಿನಲ್ಲೇ ಇದ್ದಾಳೆ, ನನ್ನ ಉತ್ತರಕ್ಕೆ ಕಾಯ್ತಾ.