ಸ್ವೀಕೃತಿ ಇಲ್ಲದ ಅರ್ಜಿ

ಮಾರ್ಚ್ ೧೪, ಶುಕ್ರವಾರ

ಆಪ್ತ ಮುಳ್ಳಣ್ಣನಿಗೆ,

ನಿನ್ನ ಠಸ್ಸೆ ಮಾಡುವ ನಮಸ್ಕಾರ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಮುನಿಸಿಕೊಂಡಿರುತ್ತೀಯ; ಮುನಿಸಿಕೋ, ತಪ್ಪೆಲ್ಲ ನನ್ನದೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಹರಿದು ಹಾಕಿದೆ. ಮೂವತ್ತೊಂದು ವರ್ಷ ನಗರಸಭೆಯ ಕೌಂಟರಿನಲ್ಲಿ ಕೂತು ಕಂಡವರ ಅರ್ಜಿಗಳಿಗೆಲ್ಲ ಠಸ್ಸೆ ಒತ್ತಿದ ಮಹಾನುಭಾವನಿಗೆ ತನ್ನದೊಂದು ಕಾಗದ ಬರೆಯಲು ಕೈ ಬರಲಿಲ್ಲ. ಗಡಿಯಾರ ರಿಪೇರಿಯ ನೀನು ಮುಳ್ಳಣ್ಣ, ನಾನು ಠಸ್ಸೆ. ಈ ಹೆಸರುಗಳನ್ನಿಟ್ಟ ಪುಣ್ಯಾತ್ಮರು ಯಾರೂ ಈಗ ಬೀದಿಯಲ್ಲಿಲ್ಲ.

ಕಣ್ಣು ಹೇಗಿದೆ? ಈ ಕಾಗದವನ್ನು ಮಗಳು ಓದಿ ಹೇಳುತ್ತಾಳೋ, ನೀನೇ ಭೂತಗನ್ನಡಿ ಹಿಡಿದು ಓದುತ್ತೀಯೋ ಗೊತ್ತಿಲ್ಲ. ನೀನೇ ಓದಬೇಕೆಂಬ ಆಸೆಯಿಂದ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ.

ನನ್ನಾಕೆ ಲಕ್ವ ಹೊಡೆದು ಮಲಗಿ ಮೂರು ವರ್ಷವಾಯಿತು. ಮಾತು ನೆಟ್ಟಗಿದೆ, ನನ್ನನ್ನು ಬೈಯುವುದಕ್ಕೇನೂ ತೊಂದರೆಯಿಲ್ಲ. ಅವಳ ಮಂಚ ಕಿಟಕಿಯ ಪಕ್ಕ. ನೀನು ಕೊಟ್ಟ ಗೋಡೆ ಗಡಿಯಾರ ತಲೆಯ ಹಿಂದಿದೆ, ಅವಳಿಗೆ ಕಾಣುವುದಿಲ್ಲ. ಹಾಗಾಗಿ ಬಿಸಿಲನ್ನೇ ಗಡಿಯಾರ ಮಾಡಿಕೊಂಡಿದ್ದಳು. ಬೀರುವಿನ ಹಿಡಿಯ ಮೇಲೆ ಬಿಸಿಲು ಬಿದ್ದರೆ ಎಂಟೂವರೆ. ಕುರ್ಚಿಯ ಕಾಲಿಗೆ ಇಳಿದರೆ ಹತ್ತು, ಗುಳಿಗೆಯ ಹೊತ್ತು. ನಾನು ಮರೆತರೂ ಅವಳು ಕೂಗುತ್ತಿದ್ದಳು. ಆ ಬಿಸಿಲು ಹೋಗಿ ಎರಡು ತಿಂಗಳಾಯಿತು.

ಪಕ್ಕದ ಹಳೆ ಮನೆ ಮಾರಾಟವಾಯಿತು. ಕೊಂಡವರು ಐದಂತಸ್ತು ಕಟ್ಟಲು ಅರ್ಜಿ ಹಾಕಿದರು. ತಕರಾರಿದ್ದವರು ಮೂವತ್ತು ದಿನದೊಳಗೆ ತಿಳಿಸಬೇಕೆಂದು ನಗರಸಭೆ ಆ ಮನೆಯ ಗೇಟಿಗೆ ನೋಟಿಸು ಅಂಟಿಸಿತು. ನಕ್ಷೆ ನೋಡಿದರೆ, ನಮ್ಮ ಕಿಟಕಿಯ ಕಡೆ ಬಿಡಬೇಕಾದ ಜಾಗದ ಅರ್ಧವನ್ನೂ ಬಿಟ್ಟಿರಲಿಲ್ಲ. ಬೀದಿಯವರೆಲ್ಲ ನನ್ನ ಮನೆಗೇ ಬಂದರು. ಮೂಲೆಮನೆಯ ಟೀಚರಮ್ಮ, "ಆಫೀಸಿನ ಒಳಗುಟ್ಟೆಲ್ಲ ನಿಮಗೆ ಗೊತ್ತು ಸರ್, ನೀವೇ ಬರೀರಿ" ಅಂದರು. ನನಗೋ ಎರಡು ಕೋಡು ಮೂಡಿದ ಹಾಗಾಯಿತು. ಬರೆದೆ, ಹನ್ನೊಂದು ಜನ ಸಹಿ ಹಾಕಿದರು. "ನೀವ್ಯಾರೂ ಬಂದು ಕ್ಯೂ ನಿಲ್ಲೋದು ಬೇಡ, ನಾನು ನೋಡ್ಕೋತೀನಿ" ಅಂದೆ.

ಕೌಂಟರಿನಲ್ಲಿ ಉದ್ದ ಸಾಲಿತ್ತು. ಅಲ್ಲಿ ಕೊಟ್ಟರೆ ನಂಬರು ಬೀಳುತ್ತದೆ, ಠಸ್ಸೆ ಬೀಳುತ್ತದೆ, ಸ್ವೀಕೃತಿ ಚೀಟಿ ಕೈಗೆ ಬರುತ್ತದೆ. ಆದರೆ ನಾನು ಸಾಲಿನಲ್ಲಿ ನಿಲ್ಲುವುದೇ? ನೇರ ಒಳಗೆ ಹೋದೆ. ನಾನೇ ಕೈಹಿಡಿದು ಕೆಲಸ ಕಲಿಸಿದವನು ಈಗ ಅಲ್ಲಿ ಮೇಲ್ವಿಚಾರಕ. ಎದ್ದು ನಿಂತ, ಕುರ್ಚಿ ಎಳೆದ, ಚಹಾ ತರಿಸಿದ. ಸ್ವೀಕೃತಿ ಬರೆಯಲು ಪುಸ್ತಕವನ್ನೂ ತೆಗೆದ. "ನಮ್ಮ ನಮ್ಮಲ್ಲಿ ಸ್ವೀಕೃತಿ ಯಾಕಪ್ಪಾ, ಬಿಡು" ಅಂದೆ. ಆ ಕುರ್ಚಿಯಲ್ಲಿ ಕೂತು ಚಹಾ ಕುಡಿದದ್ದು ಎಷ್ಟು ಹಿತವಾಗಿತ್ತು ಅಂತೀಯ!

ಮೂವತ್ತೊಂದನೆಯ ದಿನ ಪರವಾನಗಿ ಕೊಟ್ಟರು. ವಾರದೊಳಗೆ ಜಲ್ಲಿ ಬಂತು, ಕಬ್ಬಿಣ ಬಂತು.

ಬೀದಿಯವರೆಲ್ಲ ಕೂಗಾಡಿದ ಮೇಲೆ ನಗರಸಭೆಯವರು ಅಹವಾಲು ಸಭೆ ಕರೆದರು. ಎಂಜಿನಿಯರು ಫೈಲು ಬಿಡಿಸಿ ಓದಿದ: "ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ." ಆ ವಾಕ್ಯ ಬರೆದುಕೊಟ್ಟವನು ನಾನೇ ಕಣೋ, ಹೊಸದಾಗಿ ಫಾರಂ ಅಚ್ಚು ಹಾಕಿಸಿದ ವರ್ಷ. ಟೀಚರಮ್ಮ ಎದ್ದು, "ಹನ್ನೊಂದು ಜನ ಸಹಿ ಹಾಕಿ ಕೊಟ್ಟಿದೀವಲ್ಲ ಸ್ವಾಮಿ!" ಅಂದರು. "ಸ್ವೀಕೃತಿ ಇದ್ರೆ ತೋರಿಸಿ ಮೇಡಂ" ಅಂದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಹೊರಗೆ ಮೇಲ್ವಿಚಾರಕ ನನ್ನನ್ನು ಕಂಬದ ಮರೆಗೆ ಕರೆದ. ಮುಖ ಇಷ್ಟೇ ಇಷ್ಟಾಗಿತ್ತು. "ಬೇಕಂತ ಮಾಡಿಲ್ಲ ಸರ್. ಬೇರೆ ಫೈಲಲ್ಲಿ ಸೇರ್ಕೊಂಡ್‌ಬಿಟ್ಟಿತ್ತು, ಅವಧಿ ಮುಗಿದ್ಮೇಲೆ ಸಿಕ್ತು. ಈಗ ಹೊರಗೆ ತೆಗೆದ್ರೆ ನನ್ನ ಕೆಲಸ ಹೋಗುತ್ತೆ. ಸ್ವೀಕೃತಿ ಇಲ್ದಿದ್ರೆ ಅದು ಅರ್ಜಿನೇ ಅಲ್ಲ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಸರ್" ಅಂದ. ಅವನ ಕೆನ್ನೆಗೆ ಎರಡು ಬಾರಿಸಬೇಕಿತ್ತು. ಕೈ ಏಳಲಿಲ್ಲ. ಛತ್ರಿ ತೆಗೆದುಕೊಂಡು ಮನೆಗೆ ಬಂದೆ.

ದಿನಾ ಬಂದು ನನ್ನಾಕೆಗೆ ಪೇಪರ್ ಓದಿ ಹೇಳುತ್ತಿದ್ದ ಟೀಚರಮ್ಮ ಆಮೇಲೆ ಬಂದಿಲ್ಲ. ಗೋಡೆ ಈಗ ಮೂರನೆಯ ಅಂತಸ್ತಿಗೆ ಏರಿದೆ. ಕಿಟಕಿಯಿಂದ ಕೈ ಚಾಚಿದರೆ ಹಸಿ ಗಾರೆ ತಾಕುತ್ತದೆ. ನಮ್ಮ ಕೋಣೆಯಲ್ಲಿ ಹಗಲಿಡೀ ಬಲ್ಬು ಉರಿಯುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಅವಳು "ಸಂಜೆ ಆಯ್ತೇನ್ರೀ?" ಅನ್ನುತ್ತಾಳೆ. ಮೋಡ ಕವಿದಿದೆ ಅಂದೆ. ನಾಲ್ಕು ದಿನ ನಂಬಿದಳು. ಐದನೆಯ ದಿನ, "ಮೋಡಕ್ಕೆ ಸಿಮೆಂಟಿನ ವಾಸನೆ ಇರುತ್ತಾ? ನಿಮ್ಮ ಅರ್ಜಿ ಏನಾಯ್ತು, ನೆಟ್ಟಗೆ ಹೇಳಿ" ಅಂದಳು.

"ಮೇಲಿನವರು ತಳ್ಳಿಹಾಕಿದ್ರು" ಅಂದೆ.

"ಮುಳ್ಳಣ್ಣನಿಗೂ ಹಾಗೇ ಮಾಡಿದ್ರಲ್ಲ ಪಾಪಿಗಳು" ಎಂದು ಕಣ್ಣು ಒದ್ದೆ ಮಾಡಿಕೊಂಡಳು. "ಅಣ್ಣನಿಗೆ ಒಂದು ಕಾಗದ ಬರೀರಿ. ನಮ್ಮ ಸಂಕಟ ಅವರಿಗೆ ಅರ್ಥ ಆಗುತ್ತೆ."

ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಅಂಗಡಿಯ ಕಿಟಕಿಗೆ ಅಡ್ಡವಾಗಿ ಆ ಗೋದಾಮು ಎದ್ದದ್ದು ನೆನಪಾಗುತ್ತದೆ. ಬಲ್ಬಿನ ಕೆಳಗೆ ಬಗ್ಗಿ ಕೂದಲಿನಷ್ಟು ಸಣ್ಣ ಸ್ಪ್ರಿಂಗು ಕೂರಿಸುತ್ತಾ ಕೂರಿಸುತ್ತಾ ನಿನ್ನ ಕಣ್ಣು ಮುಕ್ಕಾಲು ಹೋಯಿತು, ಅಂಗಡಿ ಹೋಯಿತು, ನೀನೂ ಊರು ಬಿಟ್ಟೆ. ಆದರೂ ಹೋಗುವ ದಿನ ನನ್ನ ಹೆಗಲು ತಟ್ಟಿ, "ನೀನೇನು ಮಾಡ್ತೀಯ ಬಿಡೋ, ನಿನ್ನ ಕೈಲಾದದ್ದು ಮಾಡಿದೆ" ಅಂದಿದ್ದೆ. ಬಸ್ಸು ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ.

ನಿನ್ನ ಮಗಳಿಗೂ ಮೊಮ್ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ. ಉಳಿದಿರುವ ನೋಟವಾದರೂ ನಿನಗೆ ಕೊನೆಯವರೆಗೆ ಉಳಿಯಲಿ.

ಇಂತಿ ನಿನ್ನ,
ಠಸ್ಸೆ

ತಾ.ಕ.: ಹಾಳೆ ಹರಿದದ್ದೆಲ್ಲ ಈ ಜಾಗಕ್ಕೆ ಬಂದಾಗಲೇ. ಇದರ ಜೊತೆ ನಾಲ್ಕಾಗಿ ಮಡಚಿದ ಹಳೆಯ ಕಾಗದವೊಂದಿದೆ. ಅಕ್ಷರ ನಿನ್ನದೇ, ಗೋದಾಮಿನ ವಿರುದ್ಧ ನೀನು ಬರೆದು ನನ್ನ ಕೈಗೆ ಕೊಟ್ಟ ತಕರಾರು. ಅದನ್ನು ಮೇಲಿನವರು ತಳ್ಳಿಹಾಕಲಿಲ್ಲ, ಮುಳ್ಳಣ್ಣ. ಅದು ಮೇಲೆ ಹೋಗಲೇ ಇಲ್ಲ. ನನ್ನ ಚೀಲದ ಒಳಜೇಬಿನಲ್ಲಿ ಉಳಿದುಬಿಟ್ಟಿತ್ತು. ಅವಧಿ ಮುಗಿದ ಎರಡನೆಯ ದಿನ ಸಿಕ್ಕಿತು, ಕೆಲಸದ ಭಯಕ್ಕೆ ಬಾಯಿ ಬಿಡಲಿಲ್ಲ. ಅದರ ಮೂಲೆಯಲ್ಲಿ ಇವತ್ತು "ಸ್ವೀಕರಿಸಿದ್ದೇನೆ" ಎಂದು ಬರೆದು, ಇವತ್ತಿನದೇ ತಾರೀಖು ಹಾಕಿ, ಸಹಿ ಮಾಡಿದ್ದೇನೆ. ಆ ದಿನ ನೀನು ಸ್ವೀಕೃತಿ ಕೇಳಿದ್ದೆ. ನಮ್ಮ ನಮ್ಮಲ್ಲಿ ಅದೆಲ್ಲ ಯಾಕೋ ಅಂತ ನಕ್ಕವನು ನಾನು.