ಕಾಯಿಲೆಯವರನ್ನೂ ಸೇರಿಸಿ

ಬುಂತು ಲೆಂಬೊ,
ತೊರಾಜಾ ಬೆಟ್ಟ
ಜುಲೈ 9

ಪ್ರೀತಿಯ ತಂಗಿ ಲುದಿಯಾಗೆ,

ನೀನೂ ನಿನ್ನ ಮೊಣಕಾಲೂ ಚೆನ್ನಾಗಿದೀರಿ ಅಂತ ತಿಳಿದುಕೊಂಡಿದೀನಿ. ಈಸ್ಟರಿಗೆ ಬಂದ ಕಾಗದಕ್ಕೆ ಈಗ ಉತ್ತರ ಬರೀತಿದೀನಿ, ಬೈಕೋಬೇಡ. ಬೈದರೂ ಅಷ್ಟು ದೂರದ ತರಕಾನ್ ಊರಿನಿಂದ ನನಗೆ ಕೇಳಿಸಲ್ಲ. ನಾಟಿಗೆ ಊರಲ್ಲಿ ಆಳೇ ಇಲ್ಲ. ನಾನೂ ಮೈದುನ ರೂಬೆನೂ ಬಗ್ಗಿ ಬಗ್ಗಿ ಗದ್ದೆ ಮುಗಿಸಿದೆವು. ಅವನು ಇನ್ನೂ ನೆಟ್ಟಗಾಗಿಲ್ಲ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ಕಿರುಚಬೇಕು. ಕಿರುಚಿದರೆ ಒಳಗೆ ಮಲಗಿರೋ ನಿನ್ನ ಭಾವನಿಗೆ ಕೇಳುತ್ತೆ.

ಸುದ್ದಿ ಏನಂದರೆ, ನಮ್ಮೂರು ಬೆಳೀತಿದೆಯಂತೆ. ನಗಬೇಡ, ದೊಡ್ಡ ಸಾಹೇಬರೇ ಹೇಳಿದ್ದು.

ಆದದ್ದು ಹೀಗೆ. ಜನ ಎಣಿಸೋಕೆ ಕರಾವಳಿ ಕಡೆಯಿಂದ ಹಸ್ನಾ ಅನ್ನೋ ಹುಡುಗಿ ಬಂದಳು. ಜಗುಲಿ ಮೇಲೆ ಕೂತು, "ಅಜ್ಜಿ, ಮನೇಲಿ ಎಷ್ಟು ಜನ?" ಅಂದಳು.

"ಮೂರು. ನಾನು, ಈ ರೂಬೆನ್, ನನ್ನ ಗಂಡ ಪಲಿಂಬೊಂಗ್."

"ತಾತ ಎಲ್ಲಿ?"

"ಒಳಗೆ ಮಲಗಿದ್ದಾರೆ. ಕಾಯಿಲೆ."

"ಯಾವಾಗಿಂದ?"

"ಮೂರು ವರ್ಷ ಆಯ್ತು."

"ಅಯ್ಯೋ ಪಾಪ! ಊಟ ಮಾಡ್ತಾರಾ?"

"ಹೊತ್ತುಹೊತ್ತಿಗೆ ಇಡ್ತೀನಿ. ಮುಂಚೆ ಉಪ್ಪು ಕಮ್ಮಿ ಅಂತ ತಟ್ಟೆ ಎಸೀತಿದ್ದರು. ಈಗ ಎಷ್ಟೋ ವಾಸಿ."

ರೂಬೆನ್ ಸುಮ್ಮನಿರಬಾರದೇ? "ನಮ್ಮಣ್ಣ ನನ್ನ ಜೊತೆ ಜಗಳ ಆಡದೆ ಇಷ್ಟು ದಿನ ಇದ್ದದ್ದು ಹುಟ್ಟಿದಾಗಿಂದ ಇದೇ ಮೊದಲು ಕಣಮ್ಮಾ" ಅಂದ. ಹುಡುಗಿ ಮೂರು ಅಂತ ಬರಕೊಂಡು ಮುಂದಿನ ಮನೆಗೆ ಹೋದಳು.

ನಾನೇನು ಸುಳ್ಳು ಹೇಳಿದೆನಾ? ನೀನೇ ಹೇಳು. ಉಸಿರು ನಿಂತಮೇಲೂ ಮದ್ದು ಹಾಕಿ ಮನೇಲೇ ಮಲಗಿಸಿ, ಆಮೇಲೆ ಕೋಣ ಕಡಿದು, ನೆಂಟರೆಲ್ಲ ಉಂಡು, ಹೊತ್ತುಕೊಂಡು ಹೋಗಿ ಬಂಡೆಗವಿಯಲ್ಲಿ ಇಡೋ ತನಕ ನಮ್ಮಲ್ಲಿ ಯಾರು ಸತ್ತಿದ್ದಾರೆ? ಕಾಯಿಲೆ, ಅಷ್ಟೇ. ಹಿಂದಿನ ಸಲ ಎಣಿಸಿದವನು ನಮ್ಮ ಬೆಟ್ಟದವನೇ, ಕಾಯಿಲೆಯವರನ್ನು ಕೇಳದೆ ಬಿಟ್ಟಿದ್ದ. ಈ ಹುಡುಗಿ ಕೇಳಿದಳು, ಎಲ್ಲರೂ ಹೇಳಿದರು. ಅಲ್ಲಿಗೆ ನಮ್ಮೂರು ಬೆಳೆದುಬಿಟ್ಟಿತು.

ಮೊನ್ನೆ ಸಾಹೇಬರು ಜೀಪಿನಲ್ಲಿ ಬಂದರು. ಚರ್ಚಿನ ಮುಂದೆ ನಿಂತು ಭಾಷಣ. "ಈ ಸೀಮೆಯ ಊರುಗಳೆಲ್ಲ ಖಾಲಿಯಾಗ್ತಿವೆ. ಬುಂತು ಲೆಂಬೊದಲ್ಲಿ ಮಾತ್ರ ಮನೆಯೂ ಏರಿದೆ, ಕೋಣದ ಬೆಲೆಯೂ ಏರಿದೆ, ಜನವೂ ಏರಿದ್ದಾರೆ!" ಮನೆ ಏರಿರೋದು ನಿಜ. ಪಾಪುವಾ ಗಣಿಗೆ ಹೋದ ಹುಡುಗರು ದುಡ್ಡು ಕಳಿಸಿ ಕಟ್ಟಿಸಿದ್ದಾರೆ, ಬೀಗ ಹಾಕಿದೆ, ಜಗುಲಿಯಲ್ಲಿ ಕೋಳಿ ಮಲಗುತ್ತವೆ. ನಮ್ಮ ಮಗ ಮಾರ್ಥೆನ್ ಕಟ್ಟಿಸಿದ್ದಕ್ಕೆ ನೀಲಿ ಬಣ್ಣ ಬೇರೆ. ಕೋಳಿಗಳಿಗೆ ಬಹಳ ಇಷ್ಟ.

ಅಷ್ಟಕ್ಕೇ ನಿಲ್ಲಲಿಲ್ಲ. ಊರಿನ ಅತಿ ಹಿರಿಯ ನಾಗರಿಕರಿಗೆ ಸನ್ಮಾನ ಅಂತ ರೇಷ್ಮೆ ಸರೊಂಗು ಪಂಚೆ ತಂದಿದ್ದರು. ಲೆಕ್ಕದ ಪ್ರಕಾರ ಹಿರಿಯ ಯಾರು? ನಿನ್ನ ಭಾವ! ಊರ ಮುಖ್ಯಸ್ಥ, ಆ ತಂದಿ ಅನ್ನೋನು, ನನ್ನ ಮುಖ ನೋಡಿದ, ನಾನು ಕೋಳಿ ಕಡೆ ನೋಡಿದೆ. ಸಾಹೇಬರು ಏಣಿ ಹತ್ತಿ ಒಳಗೆ ಹೋದರು.

ಆಮೇಲೆ ಒಳಗಿಂದ ಮೆಲ್ಲಗೆ, "ತಾತ, ಅಪ್ಪಣೆ ಕೊಡಿ" ಅಂದದ್ದು ಕೇಳಿಸಿತು. ಸರೊಂಗು ತಾವೇ ಹೊದಿಸಿ ಬಂದರು. ಒಳ್ಳೆ ಮನೆತನದವರು, ಮರ್ಯಾದೆ ಗೊತ್ತು. ಬೆವರು ಮಾತ್ರ ಧಾರಾಕಾರ. ಎರಡು ಬೊಂಬು ಹೆಂಡ ಕುಡಿದಮೇಲೆ ತಂದಿಯನ್ನು ಕೇಳಿದರು:

"ಇಂಥವರು ಊರಲ್ಲಿ ಇನ್ನೂ ಎಷ್ಟು ಜನ ಇದ್ದಾರೆ?"

ತಂದಿ ಕೈ ಕಟ್ಟಿಕೊಂಡು ಹೇಳಿದ, "ಇವರೂ ಸೇರಿ ಎಂಟು ಸ್ವಾಮಿ. ಎಲ್ಲರೂ ಬಹಳ ಶಾಂತ ಸ್ವಭಾವದವರು."

ಪಾಪ ಹಸ್ನಾ ಅಲ್ಲೇ ಕೂತು ಅತ್ತಳು. ಅವಳು ಮತ್ತೆ ಎಣಿಸಬೇಕು ಅಂತ ಆಯ್ತು. ಏಳು ಮನೆಯವರು ಗೊಣಗುತ್ತ ತಮ್ಮ ತಮ್ಮವರನ್ನು ತೆಗೆಸಿದರು. ನಾನು ಊರೆದುರಿಗೇ ಅವಳಿಗೆ ಹೇಳಿದೆ, "ಏಳು ತೆಗೀತೀಯೋ ತೆಗಿ. ಎಂಟನೇದು ಮುಟ್ಟಿದರೆ ಕೈ ಮುರೀತೀನಿ." ರೂಬೆನ್ ನಡುವೆ ಬಾಯಿ ಹಾಕಿದ: "ಅತ್ತಿಗೆ, ಅಣ್ಣನ್ನ ಇನ್ನೂ ಎಷ್ಟು ದಿನ ಇಟ್ಟುಕೋತೀಯ? ಅವನಿಗೂ ಹೋಗೋ ದಾರಿ ಇದೆ." ಅವನ ತಟ್ಟೆಗೆ ಅವತ್ತು ಮೀನು ಬೀಳಲಿಲ್ಲ.

ಮಾರ್ಥೆನದ್ದೂ ಇದೇ ರಾಗ. ಆಗಸ್ಟಿನಲ್ಲಿ ರಜೆ ಸಿಗುತ್ತೆ, ಅಪ್ಪನನ್ನ ಕಳಿಸಿಕೊಡೋ ಕೆಲಸ ಮುಗಿಸಿಬಿಡೋಣ ಅಂತ ವರ್ಷವರ್ಷವೂ ಹೇಳ್ತಾನೆ. ಕೋಣದ ಬೆಲೆ ಇಳೀಲಿ ತಡಿ ಅಂತ ವರ್ಷವರ್ಷವೂ ಹೇಳ್ತೀನಿ. ಊರು ಬೆಳೀತಿರೋವಾಗ ಬೆಲೆ ಎಲ್ಲಿ ಇಳಿಯುತ್ತೆ, ನೀನೇ ಹೇಳು.

ಬಾಳೆಎಲೆಯಲ್ಲಿ ಕಾಫಿಪುಡಿ ಕಟ್ಟಿ ಕಳಿಸಿದೀನಿ. ಸೊಸೆ ಜೊತೆ ಜಗಳ ಆಡಬೇಡ, ಆಡಲೇಬೇಕಾದರೆ ಗೆಲ್ಲು. ದೇವರು ನಿನ್ನನ್ನೂ ಮಕ್ಕಳನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ದಾಮರಿಸ್

ಮರೆತಿದ್ದು: ಮರೆತಿರಲಿಲ್ಲ, ಬರೆಯೋಕೆ ಕೈ ಬರಲಿಲ್ಲ. ಎಲ್ಲ ಹೋದಮೇಲೆ ಹಸ್ನಾ ಕೊಡೆ ಬಿಟ್ಟು ಹೋಗಿದ್ದೀನಿ ಅಂತ ಒಬ್ಬಳೇ ವಾಪಸು ಬಂದಳು. ಕೇಳದೆಯೇ ಪಕ್ಕದಲ್ಲಿ ಕೂತು ನನ್ನ ಜೊತೆ ಮರಗೆಣಸು ಸುಲಿದಳು. ಹೋಗೋವಾಗ ಮೆಲ್ಲಗೆ, "ಅಜ್ಜಿ, ನೀವು ಹೇಳಿದ್ದೇ ಬರೀತೀನಿ, ಎಷ್ಟು ಬರೀಲಿ?" ಅಂದಳು. ಜೋರು ಮಾಡಿದ್ದರೆ ಮೂರು ಅಂತಿದ್ದೆ. ಅವಳು ಹಾಗೆ ಕೇಳಿದ್ದಕ್ಕೆ ನನ್ನ ಬಾಯಿಂದ "ಎರಡು" ಅಂತ ಬಂದುಬಿಟ್ಟಿತು, ಲುದಿಯಾ. ಮೆಲ್ಲಗೇ ಅಂದೆ. ಆದರೆ ನಮ್ಮದು ಹಲಗೆ ಗೋಡೆ. ಸಂಜೆ ಕಾಫಿ ಒಳಗೆ ತಗೊಂಡು ಹೋದೆ. ಅವರು ಮೂರು ವರ್ಷದಿಂದ ಮಾತಾಡಿಲ್ಲ, ಗೊತ್ತು. ಅದು ಬೇರೆ, ಇದು ಬೇರೆ. ಅವತ್ತು ಕೇಳಿಸಿಕೊಂಡು ಸುಮ್ಮನಿದ್ದರು.

ಮಾರ್ಥೆನ್‌ಗೆ ಆಗಸ್ಟಿಗೆ ಬಾ ಅಂತ ಹೇಳಿ ಕಳಿಸಿದೀನಿ. ನೀನೂ ಬಾ. ಕೋಣದ ಬೆಲೆಯೇನೂ ಇಳಿದಿಲ್ಲ.