ಅಂಗೈಯ ಶೇಡ್ ನಂಬರ್

ಫೆಬ್ರವರಿ 9, ಸಂಜೆ

ಇವತ್ತು ಮಿಲ್ಲಿನಲ್ಲಿ ಆರು ಲಾಟ್ ಬಟ್ಟೆ ಪಾಸ್, ಒಂದು ರಿಜೆಕ್ಟ್. ನೀಲಿಯಲ್ಲಿ ಕೆಂಪು ಇಣುಕುತ್ತಿತ್ತು. ಡೈಯಿಂಗ್ ಮಾಸ್ಟರ್ ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ. ಇಪ್ಪತ್ತೆರಡು ವರ್ಷದಿಂದ ಬಣ್ಣ ನೋಡುವುದೇ ನನ್ನ ಕೆಲಸ.

ಕುರ್ಚಿಯಿಂದ ಏಳುವಾಗ ಕಣ್ಣಿಗೆ ಕತ್ತಲೆ ಕಟ್ಟಿತು. ಈ ವಾರ ಮೂರನೇ ಸಲ. ಮನೆಗೆ ಬಂದವಳೇ ಉಪ್ಪಿನ ಡಬ್ಬಿಗೆ ಬೆರಳು ಅದ್ದಿ ನೆಕ್ಕಿದೆ... ಸದ್ಯ, ಯಾರೂ ನೋಡಲಿಲ್ಲ.

ಫೆಬ್ರವರಿ 21

ಡಾಕ್ಟರ ಹತ್ತಿರ ಹೋಗಿದ್ದೆ. ಏಳು ಕೆಜಿ ಇಳಿದಿದ್ದೇನೆ ಅಂದೆ. "ಒಳ್ಳೇದೇ ಆಯ್ತಲ್ಲ ಬಿಡಿ, ಜನ ಜಿಮ್‌ಗೆ ಹೋಗಿ ಒದ್ದಾಡ್ತಾರೆ" ಅಂದರು. ಸುಸ್ತು, ವಾಕರಿಕೆ ಅಂದೆ. "ಟೆನ್ಷನ್ ತಗೋಬೇಡಿ. ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇದ್ದಿದ್ದೇ." ಮೈ ಕಪ್ಪಾಗುತ್ತಿದೆ ಅಂದೆ. "ಬಿಸಿಲು."

ಯಾವ ಬಿಸಿಲು ಮಾರಾಯರೇ? ದಿನವಿಡೀ ಕಿಟಕಿಯಿಲ್ಲದ ರೂಮಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತಿರುವವಳು ನಾನು! ವಿಟಮಿನ್ ಮಾತ್ರೆ ಬರೆದು ಸಾಗಹಾಕಿದರು. ಇನ್ನು ಮುಂದೆ ಈ ಮನುಷ್ಯನ ಹೆಸರು ಟೆನ್ಷನ್ ಡಾಕ್ಟರು.

ಮಾರ್ಚ್ 30

ಇಷ್ಟು ದಿನ ಬರೆಯಲಿಲ್ಲ. ಪೆನ್ನು ಕೂಡ ಭಾರ.

ಟೆನ್ಷನ್ ಡಾಕ್ಟರಲ್ಲಿಗೆ ಮೂರನೇ ಸಲ. ತಲೆ ಎತ್ತಿ ನೋಡಿದ್ದು ಎರಡು ಸೆಕೆಂಡ್. "ಹೋದ ಸಲಕ್ಕೂ ಈ ಸಲಕ್ಕೂ ಏನೂ ವ್ಯತ್ಯಾಸ ಇಲ್ವಲ್ಲಮ್ಮ." ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಕೋಲೆ ಬಸವನ ಹಾಗೆ ತಲೆ ಆಡಿಸಿದರು. ಹೊರಗೆ ಬಂದ ಮೇಲೆ "ಡಾಕ್ಟ್ರೇ ಹೇಳಿದ್ಮೇಲೆ ಮುಗೀತಲ್ಲ? ಸುಮ್ನೆ ತಲೆಗೆ ಹಚ್ಕೋತೀಯ" ಅಂತ ಬೇರೆ. ಮೈಯೆಲ್ಲ ಉರಿದುಹೋಯಿತು. ಜಗಳ ಆಡೋಣವೆಂದರೆ ಆಡಲೂ ತ್ರಾಣವಿಲ್ಲ.

ಏಪ್ರಿಲ್ 6, ಮಧ್ಯಾಹ್ನ

ಲ್ಯಾಬಿಗೆ ಹೊಸ ಹುಡುಗಿ ಬಂದಳು. ಮೊದಲ ದಿನದ ಪಾಠ ನಾನೇ ಮಾಡಿದ ಪದ್ಧತಿ: ಲೈಟ್ ಬಾಕ್ಸಿನೊಳಗೆ ಅಂಗೈ ಇಟ್ಟು, ಗೆರೆಯ ಬಣ್ಣಕ್ಕೆ ಹೊಂದುವ ನಂಬರನ್ನು ಶೇಡ್ ಕಾರ್ಡಿನಲ್ಲಿ ಹುಡುಕಬೇಕು. ಕಲಿಸುವವರೂ ತಮ್ಮ ನಂಬರು ರಿಜಿಸ್ಟರಿನಲ್ಲಿ ಬರೆಯಬೇಕು. ನಂಬರು ಏರಿದಷ್ಟೂ ಬಣ್ಣ ಕಪ್ಪು. ಅವಳದು ಒಂಬತ್ತು. ನನ್ನದು ಹತ್ತೊಂಬತ್ತು.

ರಿಜಿಸ್ಟರ್ ಹಿಂದೆ ತಿರುಗಿಸಿದೆ. ಎರಡು ವರ್ಷದ ಹಿಂದೆ, ನನ್ನದೇ ಅಕ್ಷರ — ಹನ್ನೊಂದು. ಎಂಟು ಶೇಡ್! ಅಂಗೈಗೆ ಎಲ್ಲಿಂದ ಬಿಸಿಲು ಬೀಳುತ್ತದೆ?

ಇಂದಿನ ಲಾಟನ್ನು ನಿನ್ನೆಯ ಲಾಟಿಗೆ ಹೋಲಿಸಬೇಡಿ, ಬೀರುವಿನಲ್ಲಿರುವ ಮೂಲ ತುಂಡಿಗೇ ಹೋಲಿಸಿ ಎಂದು ಎಷ್ಟು ಜನಕ್ಕೆ ಬೈದಿದ್ದೇನೆ. ಇಲ್ಲದಿದ್ದರೆ ದಿನಕ್ಕಿಷ್ಟು ಜಾರಿ, ತಿಂಗಳ ಕೊನೆಗೆ ಬಣ್ಣವೇ ಬೇರೆಯಾಗಿರುತ್ತದೆ. ಆ ಡಾಕ್ಟರು ಮಾಡಿದ್ದು ಅದನ್ನೇ. ಕನ್ನಡಿ ಮುಂದೆ ದಿನಾ ನಾನು ಮಾಡಿದ್ದೂ ಅದನ್ನೇ. ನನ್ನ ಮೇಲೆಯೇ ಸಿಟ್ಟು ಬಂತು.

ಏಪ್ರಿಲ್ 8

ದೊಡ್ಡಾಸ್ಪತ್ರೆ. ಹಾರ್ಮೋನ್ ಡಾಕ್ಟರಮ್ಮ. ರಿಜಿಸ್ಟರನ್ನು ಬಗಲಲ್ಲಿ ಇಟ್ಟುಕೊಂಡೇ ಹೋದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಒಸಡು ನೋಡಿದರು, ಮೊಣಕೈಯ ಹಳೇ ಗಾಯದ ಕಲೆ ನೋಡಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ದಡಕ್ಕನೆ ಇಳಿಯಿತಂತೆ.

"ಉಪ್ಪು ತಿನ್ಬೇಕು ಅನ್ಸತ್ತಾ?" ಅಂದರು.

ಅತ್ತುಬಿಟ್ಟೆ. ಇವರು ಗಾಬರಿಯಾಗಿ ಕರ್ಚೀಫ್ ಕೊಟ್ಟರು.

ಏಪ್ರಿಲ್ 15

ಮೊನ್ನೆ ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರು, ಆಮೇಲೆ ಒಂದು ಇಂಜೆಕ್ಷನ್, ಅರ್ಧ ಗಂಟೆಗೆ ಮತ್ತೆ ರಕ್ತ, ಒಂದು ಗಂಟೆಗೆ ಮತ್ತೆ. ಇವತ್ತು ರಿಪೋರ್ಟ್. ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೈಕೊಟ್ಟಿವೆ. ಅವು ಮಾಡಬೇಕಾದ ಕಾರ್ಟಿಸಾಲ್ ಹಾರ್ಮೋನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾಯಿಲೆಯ ಹೆಸರು ಅಡಿಸನ್.

"ಹೀಗೇ ಇದ್ದು ಒಂದು ಜೋರು ಜ್ವರ ಬಂದಿದ್ರೆ, ನಿಮ್ಮನ್ನ ಉಳಿಸ್ಕೊಳ್ಳೋದು ಕಷ್ಟ ಆಗ್ತಿತ್ತು" ಅಂದರು ಡಾಕ್ಟರಮ್ಮ. ಟೆನ್ಷನ್ನಂತೆ ಟೆನ್ಷನ್ನು!

ಜೀವ ಇರುವವರೆಗೆ ಮಾತ್ರೆ. ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತೊಡೆಗೆ ಇಂಜೆಕ್ಷನ್, ತಕ್ಷಣ ಆಸ್ಪತ್ರೆ. ಇವರು ಇಂಜೆಕ್ಷನ್ ಕೊಡುವುದನ್ನು ಕಲಿತರು. ಮನೆ ಬಾಗಿಲಲ್ಲಿ "ತಪ್ಪಾಯ್ತು ಕಣೇ" ಅಂದರು. ಕ್ಷಮಿಸಿದೆನೋ ಇಲ್ಲವೋ, ಗೊತ್ತಿಲ್ಲ.

ಮೇ 28

ನಾಲ್ಕು ಕೆಜಿ ವಾಪಸ್. ಇವತ್ತು ಡೈಯಿಂಗ್ ಮಾಸ್ಟರ್ ಜೊತೆ ನಿಂತುಕೊಂಡೇ ಅರ್ಧ ಗಂಟೆ ಜಗಳ ಆಡಿದೆ! ಆಹಾ.

ಅಕ್ಕ ಬಂದಿದ್ದಾಳೆ, ಮನೆಗೆಲಸಕ್ಕೆ ಕೈಜೋಡಿಸಲು. ಮಾತ್ರೆ ಚೀಟಿ ನೋಡಿ ಎದೆ ಬಡಿದುಕೊಂಡಳು. "ಸ್ಟೀರಾಯ್ಡ್ ಅಂತಲ್ಲೇ! ಮುಖ ಊದತ್ತೆ, ಮೂಳೆ ಪುಡಿ ಆಗತ್ತೆ. ಫೋನಲ್ಲಿ ಓದಿದೀನಿ." ದೇಹ ತಾನೇ ಮಾಡಿಕೊಳ್ಳಬೇಕಾದ್ದನ್ನು ಹೊರಗಿಂದ ಕೊಡುತ್ತಿದ್ದಾರೆ ಅಷ್ಟೇ ಅಂದೆ. ಹೂಂ ಅಂದಳು. ಅವಳ ಹೂಂ ನನಗೆ ಗೊತ್ತಿಲ್ಲವೇ.

ಜೂನ್ 17, ಬೆಳಿಗ್ಗೆ 10-40

ನಿನ್ನೆಯಿಂದ ಜ್ವರ. ಎರಡರಷ್ಟು ನುಂಗಿದರೂ ತಲೆ ಎತ್ತಲಾಗುತ್ತಿಲ್ಲ. ಯಾಕೆಂದು ಈಗ ಗೊತ್ತಾಯಿತು. ವಾರದ ಮಾತ್ರೆ ಡಬ್ಬಿ ತುಂಬುವವಳು ಅಕ್ಕ. ಭಾನುವಾರದಿಂದ ಮಧ್ಯಾಹ್ನದ ಖಾನೆಯಲ್ಲಿ ಇರುವುದು ಬರೀ ವಿಟಮಿನ್! ಜ್ವರಕ್ಕೆಂದು ಅವಳು ಕೈಗೆ ಕೊಟ್ಟಿದ್ದೂ ಅದೇ. ಬಿಳಿಯಲ್ಲಿ ಹದಿನಾಲ್ಕು ಬಿಳಿ ಗುರುತಿಸುವ ನಾನು ಕಣ್ಣುಮುಚ್ಚಿ ನುಂಗಿದ್ದೇನೆ.

"ಸ್ವಲ್ಪ ಕಮ್ಮಿ ಮಾಡಿದ್ರೆ ಒಳ್ಳೇದು ಅನ್ಕೊಂಡೆ ಕಣೇ..."

ಯಾರು ಕೇಳಿದ್ದರು ಇವಳನ್ನು? ನನ್ನ ಮೈಯ ವಿಷಯ ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತು!

11-05

ವಾಂತಿ. ಹೊತ್ತು ಬರೆದಿಡಲು ಡಾಕ್ಟರಮ್ಮ ಹೇಳಿದ್ದರು. ಸರಿಯಾದ ಮಾತ್ರೆ ನುಂಗಿದೆ.

11-15

ಮತ್ತೆ ವಾಂತಿ. ಮಾತ್ರೆ ನಿಲ್ಲಲಿಲ್ಲ. ಇವರು ಕೆಲಸದಿಂದ ಹೊರಟಿದ್ದಾರೆ, ಆಂಬ್ಯುಲೆನ್ಸ್ ಬರಲು ಮುಕ್ಕಾಲು ಗಂಟೆ. ಡಾಕ್ಟರಮ್ಮ ಫೋನಿನಲ್ಲಿ — "ಕಾಯ್ಬೇಡಿ. ಈಗ್ಲೇ ಇಂಜೆಕ್ಷನ್." ನನ್ನ ಕೈ ನಿಲ್ಲುತ್ತಿಲ್ಲ. ಅಕ್ಕನೇ ಕೊಡಬೇಕು. ಬೇರೆ ಯಾರೂ ಇಲ್ಲ.

ಅಳುತ್ತಿದ್ದಾಳೆ. ಅತ್ತುಕೊಂಡೇ ಕೊಡು ಅಂದೆ. ಇಂಜೆಕ್ಷನ್ ಪುಡಿಗೆ ಅದರ ಜೊತೆಗಿನ ನೀರು ಬೆರೆಸಿದಳು. ಸಿರಿಂಜ್ ತುಂಬಿದಳು. ನಿಂತಳು.

"ಇಷ್ಟೂ ಕೊಡ್ಬೇಕಾ? ಅರ್ಧ ಸಾಕೇನೇ?"

ಪೂರ್ತಿ ಅಕ್ಕಾ, ಪೂರ್...

11-25

ಪೂರ್ತಿ ಕೊಟ್ಟೆ. — ಅಕ್ಕ